ಸಹಾಯ ಬೇಕು: ಅಮ್ಮನ ಜೊತೆ ಮಸಾಯಿ ಮಾರಾ ಸಫಾರಿ

ಎಲ್ಲರಿಗೂ ನಮಸ್ಕಾರ. ಆಗಸ್ಟ್ ಕೊನೆಗೆ ಅಮ್ಮನನ್ನು ಕೀನ್ಯಾದ ಮಸಾಯಿ ಮಾರಾಕ್ಕೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಅವರಿಗೆ 68 ವರ್ಷ. ಕಬಿನಿಯಲ್ಲಿ ಆನೆ ಹಿಂಡು ನೋಡಿ ಬಂದ ದಿನದಿಂದ, ವೈಲ್ಡ್‌ಬೀಸ್ಟ್‌ಗಳು (ದನದಂತೆ ಕಾಣುವ, ಹಿಂಡಾಗಿ ವಲಸೆ ಹೋಗುವ ಕಾಡುಪ್ರಾಣಿಗಳು) ಮಾರಾ ನದಿ ದಾಟುವುದನ್ನು ಕಣ್ಣಾರೆ ನೋಡಬೇಕು ಅಂತ ಹೇಳುತ್ತಲೇ ಇದ್ದಾರೆ. ಈ ಸಲ ಆ ಆಸೆ ತೀರಿಸಲೇಬೇಕು.

ನನ್ನ ದೊಡ್ಡ ಚಿಂತೆ ಅವರ ಸೊಂಟನೋವು. ನೈರೋಬಿಯಿಂದ ರಸ್ತೆಯಲ್ಲಿ ಐದಾರು ಗಂಟೆ, ಕೊನೆಕೊನೆಗೆ ಕುಲುಕಾಟ ಜಾಸ್ತಿಯಂತೆ. ನೈರೋಬಿಯದೇ ವಿಲ್ಸನ್ ಏರ್‌ಪೋರ್ಟಿನಿಂದ ಚಿಕ್ಕ ವಿಮಾನದಲ್ಲಿ ಒಂದು ಗಂಟೆಯೊಳಗೆ ತಲುಪಬಹುದು. ಆದರೆ ಲಗೇಜು ಒಬ್ಬರಿಗೆ 15 ಕೆಜಿ ಮಾತ್ರ, ಅದೂ ಮೆತ್ತನೆ ಬ್ಯಾಗ್ ಆಗಿರಬೇಕು. ಹಿರಿಯರ ಜೊತೆ ಹೋದವರು ಯಾವುದನ್ನು ಆರಿಸಿಕೊಂಡಿರಿ? ದಿನವಿಡೀ ಜೀಪಿನಲ್ಲಿ ಕೂರುವುದು ಅವರಿಗೆ ಆಯಿತಾ? ಮಧ್ಯೆ ಶೌಚಕ್ಕೆ ಏನು ಮಾಡಿದಿರಿ?

ಜುಲೈಯಿಂದ ಡಿಸೆಂಬರ್‌ವರೆಗೆ ಹೊರದೇಶದವರಿಗೆ ಪ್ರವೇಶ ಶುಲ್ಕವೇ ದಿನಕ್ಕೆ 200 ಡಾಲರ್. ನದಿ ದಾಟುವುದು ಇಂಥ ದಿನವೇ ಅಂತ ಯಾರೂ ಹೇಳಲಾರರು, ಅಲ್ವಾ? ಹಾಗಾಗಿ ಮೂರು ದಿನ ಸಾಕಾ, ನಾಲ್ಕು ಬೇಕಾ ಅನ್ನುವುದೇ ನಮಗೆ ದೊಡ್ಡ ಲೆಕ್ಕ.

ಇನ್ನು ಹಳದಿ ಜ್ವರದ ಲಸಿಕೆ. ಪ್ರಯಾಣಕ್ಕೆ 10 ದಿನ ಮೊದಲೇ ಹಾಕಿಸಬೇಕು ಅಂತ ಗೊತ್ತು. ಆದರೆ 60 ದಾಟಿದವರಿಗೆ ಡಾಕ್ಟರ್ ಯೋಚಿಸಿಯೇ ಕೊಡುತ್ತಾರೆ. ನಿಮ್ಮ ಮನೆಯ ಹಿರಿಯರಿಗೆ ಕೊಟ್ಟರಾ, ಇಲ್ಲ ವಿನಾಯಿತಿ ಪತ್ರ ತಗೊಂಡಿರಾ? ಆ ಪತ್ರ ಇಟ್ಟುಕೊಂಡು ವಾಪಸ್ ಬಂದಾಗ ಏರ್‌ಪೋರ್ಟಿನಲ್ಲಿ ತಡೆದರಾ? ಇದೊಂದು ದಯವಿಟ್ಟು ತಿಳಿಸಿ, ಟಿಕೆಟ್ ಇನ್ನೂ ಮಾಡಿಸಿಲ್ಲ.

ಅಮ್ಮ ಮೊಟ್ಟೆಯನ್ನೂ ತಿನ್ನುವುದಿಲ್ಲ. ಕ್ಯಾಂಪಿನಲ್ಲಿ ಅನ್ನ, ಬೇಳೆ ಸಿಕ್ಕರೆ ಸಾಕು.