ಓದುಗರ ಸ್ಪಂದನ: ‘ಇದು ಶೋಕಿಯಲ್ಲ’

ಸ್ತನದ ಭಾರದಿಂದ ಕತ್ತು, ಬೆನ್ನು ಸೋತಿವೆ. ಸ್ತನ ಕಿರಿದಾಗಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಆಮೇಲೆ ಕೊರಗುವಂತಾದರೆ ಎಂದು ಸಿಂಧನೂರಿನ ಶಿಕ್ಷಕಿಯೊಬ್ಬರು ಕಳೆದ ಸಂಚಿಕೆಯಲ್ಲಿ ಕೇಳಿದ್ದರು. ಮನೆಯವರು ಅದನ್ನು ‘ಶೋಕಿ’ ಎಂದಿದ್ದರು. ಬಂದ ಪತ್ರಗಳಲ್ಲಿ ಕೆಲವು:

ತಂಗಿ, ನಿನ್ನ ಪತ್ರವನ್ನು ಎರಡನೆಯ ಸಲ ಓದಿ ಮುಗಿಸಲು ನನ್ನಿಂದ ಆಗಲಿಲ್ಲ. ನಾನು ಜೀನ್ಸ್ ಹೊಲಿಯುವ ಘಟಕದಲ್ಲಿ ದುಡಿದವಳು. ಮಿಷನ್ ಮುಂದೆ ಬಗ್ಗಿ ಕೂತರೆ ಮಧ್ಯಾಹ್ನಕ್ಕೆ ಕೈಬೆರಳು ಜೋಮು ಹಿಡಿಯುತ್ತಿದ್ದವು. ಬ್ರಾ ಪಟ್ಟಿ ಕೊರೆದು ಎರಡೂ ಹೆಗಲಿನಲ್ಲಿ ತಗ್ಗು ಬಿದ್ದಿತ್ತು. ನಮ್ಮೂರಿನ ಏಪ್ರಿಲ್ ಬಿಸಿಲು ಗೊತ್ತಲ್ಲ, ಸ್ತನದಡಿಯ ಚರ್ಮ ಬೆವರಿಗೆ ಕೆಂಪಾಗಿ ಒಡೆಯುತ್ತಿತ್ತು. ಹಳೆಯ ಪಂಚೆಯ ತುಂಡನ್ನು ಮಡಚಿ ಅಲ್ಲಿ ಇಟ್ಟುಕೊಂಡು ಕೆಲಸಕ್ಕೆ ಹೋಗುತ್ತಿದ್ದೆ. ನನ್ನ ಮೈ ಎಲ್ಲರ ಕಣ್ಣಿಗೂ ಬೀಳುತ್ತಿತ್ತು, ನೋವು ಯಾರಿಗೂ ಕಾಣಲಿಲ್ಲ. ಅಮ್ಮ ಕೂಡ ಸೆರಗು ಸರಿಯಾಗಿ ಹೊದ್ದುಕೋ ಎಂದಷ್ಟೇ ಹೇಳಿದಳು.

41ನೆಯ ವಯಸ್ಸಿಗೆ ಮಾಡಿಸಿಕೊಂಡೆ. ಮೊದಲು ಮ್ಯಾಮೊಗ್ರಾಮ್, ಅಂದರೆ ಸ್ತನದ ಎಕ್ಸ್-ರೇ ತೆಗೆದರು. ಕತ್ತರಿಸಿದ ಭಾಗವನ್ನೂ ಪರೀಕ್ಷೆಗೆ ಕಳಿಸಿದರು. ಆರು ವಾರ ನೀರಿನ ಕೊಡ ಎತ್ತಲಿಲ್ಲ. ಹೊಲಿಗೆಯ ಒಂದು ಮೂಲೆ ಬಿಚ್ಚಿಕೊಂಡು ಮಾಯಲು ತಿಂಗಳು ಹಿಡಿಯಿತು, ಆ ರಾತ್ರಿಗಳಲ್ಲಿ ಅತ್ತಿದ್ದೇನೆ. ಎಡ ತೊಟ್ಟಿಗೆ ಸ್ಪರ್ಶ ಇನ್ನೂ ಪೂರ್ತಿ ಮರಳಿಲ್ಲ. ಕಲೆ ಮಾಸಿದೆ, ಅಳಿದಿಲ್ಲ. ಆದರೆ ಕತ್ತುನೋವು ಮೊದಲ ವಾರದಲ್ಲೇ ಇಳಿಯಿತು. ಮಗಳ ಕೈ ಹಿಡಿದು ಓಡಿ ಬಸ್ ಹತ್ತಿದ ದಿನ ಸೀಟಿನಲ್ಲಿ ಕೂತು ನಕ್ಕೇ ನಕ್ಕೆ. ಹೆಗಲಿನ ತಗ್ಗು ಹಾಗೇ ಉಳಿದಿದೆ. ಮಗಳು ಈಗಲೂ ಅದರಲ್ಲಿ ಬೆರಳಿಟ್ಟು ನೋಡುತ್ತಾಳೆ.
— ಓದುಗರು, ಬಳ್ಳಾರಿ

ದೇವರು ಕೊಟ್ಟ ಮೈಗೆ ಕತ್ತರಿ ಹಾಕಬೇಡಿ. ಹಿಂದಿನ ಹೆಂಗಸರು ಸಹಿಸಿಕೊಂಡೇ ಬಾಳಲಿಲ್ಲವೇ?
— ಹಿರಿಯ ಓದುಗರು, ಕೊಪ್ಪಳ

ಹಾಗೆ ಸಹಿಸಿಕೊಂಡವರೊಬ್ಬರು ಮೊಮ್ಮಗಳ ಕೈಯಲ್ಲಿ ಬರೆಸಿದ ಪತ್ರ ಇದು:

ಉಡಿ ಕಟ್ಟಿ ಹತ್ತಿ ಬಿಡಿಸುತ್ತಿದ್ದೆ. ಎದೆಯ ಭಾರ, ಉಡಿಯ ಭಾರ ಎರಡೂ ಸೇರಿ ಬೆನ್ನು ಬಾಗಿತು, ಮತ್ತೆ ನೆಟ್ಟಗಾಗಲಿಲ್ಲ. ನನ್ನದು ಮುಗಿಯಿತು. ಇದನ್ನು ಬರೆಯುತ್ತಿರುವ ಹುಡುಗಿಗೆ ಹದಿನೈದು ವರ್ಷ. ನಾಚಿಕೊಂಡು ಕೊಕ್ಕೊ ಬಿಟ್ಟಿದ್ದಾಳೆ. ಇವಳಿಗೂ ಮಾಡಿಸಬಹುದೇ?
— ರಾಯಚೂರು ತಾಲ್ಲೂಕು

ಶುಶ್ರೂಷಕಿಯಾಗಿ ಒಂದು ಮಾತು. ಇನ್ನೊಂದು ಮಗು ಬೇಕೆಂದಿದ್ದರೆ ಮೊದಲೇ ವೈದ್ಯರಿಗೆ ಹೇಳಿ. ಮುಂದೆ ಎದೆಹಾಲು ಕಡಿಮೆಯಾಗಬಹುದು. ಚಿಕಿತ್ಸೆ ಫಲಿಸಿತೋ ಇಲ್ಲವೋ ಎಂಬುದನ್ನು ರೋಗಿಯ ಬಾಯಿಂದಲೇ ಕೇಳಲು 2009ರಲ್ಲಿ ‘ಬ್ರೆಸ್ಟ್-ಕ್ಯು’ ಎಂಬ ಪ್ರಶ್ನಾವಳಿ ಪ್ರಕಟವಾಯಿತು. ಸ್ತನ ಕಿರಿದಾಗಿಸಿಕೊಂಡವರು ಅದರಲ್ಲಿ ಮನಸ್ಸಿನ ನೆಮ್ಮದಿಗೂ ಮೈಯ ಹಗುರಕ್ಕೂ ಮುಂಚಿಗಿಂತ ಬಹಳ ಹೆಚ್ಚು ಅಂಕ ಕೊಟ್ಟಿದ್ದಾರೆ. ಶೋಕಿ ಎನ್ನುವವರಿಗೆ ಇದನ್ನು ತೋರಿಸಿ.
— ಗಂಗಾವತಿ

ರಾಯಚೂರಿನ ಅಜ್ಜಿಗೆ: ಬೆಳವಣಿಗೆ ನಿಂತು ಗಾತ್ರ ಸ್ಥಿರವಾಗುವವರೆಗೆ ಕಾಯಲು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ಚೆನ್ನಾಗಿ ಆಧಾರ ಕೊಡುವ ಒಳ ಉಡುಪನ್ನು ಈಗಲೇ ಕೊಡಿಸಿ, ಅವಳು ಆಡಲಿ. ಸಿಂಧನೂರಿನ ಸಹೋದರಿಗೆ: ಬಳ್ಳಾರಿಯ ಓದುಗರು ನಿಮ್ಮೊಡನೆ ಮಾತನಾಡಲು ಒಪ್ಪಿದ್ದಾರೆ. ಬೇಕೆನಿಸಿದರೆ ನಮಗೆ ಬರೆಯಿರಿ.
— ಸಂ.