ಮಳೆಗಾಲದಲ್ಲಿ ಚೀಲದೊಳಗೆ ವಾಟರ್ ಕಲರ್: ಯಾರು ಎಂತ ಇಟ್ಕೊಳ್ತೀರಿ?

ಪ್ರಶ್ನೆ:
ನಾನು ಮಂಜೇಶ್ವರದವಳು. ಕೆಲಸದ ಮೇಲೆ ವಾರಕ್ಕೆರಡು ಸಲ ಟ್ರೈನಲ್ಲಿ ಕಣ್ಣೂರಿಗೆ ಹೋಗಿ ಬರ್ಲಿಕ್ಕುಂಟು, ರಜೆ ಸಿಕ್ಕಿದ್ರೆ ಬೇಕಲ ಕೋಟೆ, ಪೊಸಡಿಗುಂಪೆ ಗುಡ್ಡ ಅಂತ ಸುತ್ತುವ ಅಭ್ಯಾಸವೂ ಉಂಟು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ವಾಟರ್ ಕಲರ್ ಡಬ್ಬಿ ತಗೊಳ್ಬೇಕು ಅಂತ ಆಸೆ. ಅಂಗಡಿಯಲ್ಲಿ 12 ಬಣ್ಣದ್ದೂ ಉಂಟು, 24ರದ್ದೂ ಉಂಟು, ಯಾವುದು ಒಳ್ಳೇದು? ನೀರು ಹೇಗೆ ಹೊತ್ಕೊಂಡು ಹೋಗುದು? ಮತ್ತೆ ಈ ಆಟಿ ತಿಂಗಳ ಮಳೆಯಲ್ಲಿ ಪೇಪರ್ ಒಣಗ್ತದಾ? ಅನುಭವ ಇದ್ದವರು ಹೇಳಿ.

ಬೇಕಲದ ಹತ್ತಿರದಿಂದ:
ಬಣ್ಣ ಎಷ್ಟು ಅಂತ ಆಮೇಲೆ ನೋಡುವ, ಮೊದಲು ನಿಮ್ಮ ಕೊನೆಯ ಪ್ರಶ್ನೆಗೇ ಬರ್ತೇನೆ ಯಾಕಂದ್ರೆ ನಮ್ಮ ಊರಲ್ಲಿ ಕಷ್ಟ ಇರುದೇ ಅಲ್ಲಿ. ವಿಡಿಯೋದಲ್ಲಿ ಕಲಿಸುವವರು ಹೆಚ್ಚಿನವರು ಒಣ ಹವೆಯ ಊರಿನವರು, ಅವರಿಗೆ ಒಂದು ವಾಶ್, ಅಂದ್ರೆ ನೀರಾದ ಬಣ್ಣದ ತೆಳು ಪದರ, ಐದು ನಿಮಿಷದಲ್ಲಿ ಒಣಗ್ತದೆ, ನಮಗೆ ಜುಲೈಯಲ್ಲಿ ಅರ್ಧ ಗಂಟೆ ಕಳೆದು ಬೆರಳಿನ ಹಿಂಬದಿ ಇಟ್ಟು ನೋಡಿದ್ರೂ ಪೇಪರ್ ತಣ್ಣಗೆ ಇರ್ತದೆ. ತಣ್ಣಗೆ ಉಂಟು ಅಂದ್ರೆ ಒಳಗೆ ನೀರು ಉಂಟು ಅಂತ ಅರ್ಥ, ಆಗ ಅದರ ಮೇಲೆ ಎರಡನೇ ಬಣ್ಣ ಇಟ್ರೆ ಕೆಸರೇ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಜಿಲ್ಲೆ ನಮ್ಮ ಕಾಸರಗೋಡು, ಹಾಗಾಗಿ ಒಣಗುವ ಲೆಕ್ಕ ಹಾಕಿಯೇ ಡಬ್ಬಿ ಕಟ್ಬೇಕು.

ನನ್ನ ಮೊದಲ ಡಬ್ಬಿಯ ಕತೆ ಹೇಳ್ತೇನೆ. ಕೋಟೆಯಲ್ಲಿ ಕೂತು ಚಿತ್ರ ಮಾಡುವಾಗ ಮಳೆ ಹನಿಯಿತು, ಅರ್ಜೆಂಟಲ್ಲಿ ಮುಚ್ಚಳ ಹಾಕಿ ಚೀಲಕ್ಕೆ ತುರುಕಿದವ ಎಂಟು ದಿನ ತೆಗೆಯಲೇ ಇಲ್ಲ. ತೆಗೆದು ನೋಡಿದ್ರೆ ಯೆಲ್ಲೋ ಓಕರಿನ ಮೇಲೆ ಬಿಳಿ ಹತ್ತಿ ಹಾಗೆ ಬೂಷ್ಟು, ಪಕ್ಕದ ಸ್ಯಾಪ್ ಗ್ರೀನಿಗೂ ಹರಡಿ ಆಗಿತ್ತು, ಹಳೆ ಗೋಣಿಚೀಲದ ವಾಸನೆ ಬೇರೆ. ತುಂಬ ಬೇಜಾರಾಯ್ತು ನಂಗೆ ಆವತ್ತು. ವಾಟರ್ ಕಲರಲ್ಲಿ ಬಣ್ಣದ ಪುಡಿಯನ್ನು ಹಿಡಿದಿಡುದು ಗಮ್ ಅರೇಬಿಕ್, ಅಂದ್ರೆ ಮರದ ಅಂಟು, ಮೆತ್ತಗಿರ್ಲಿಕ್ಕೆ ಗ್ಲಿಸರಿನ್ ಹಾಕ್ತಾರೆ, ಕೆಲವು ಕಂಪೆನಿಯವರು ಜೇನು ಹಾಕ್ತಾರೆ. ಇದೆಲ್ಲ ಬೂಷ್ಟಿಗೆ ಊಟ. ಜೇನಿನ ಬಣ್ಣ ತುಂಬ ಚಂದ ಹರಡ್ತದೆ, ಸುಳ್ಳು ಹೇಳುದಿಲ್ಲ, ಆದ್ರೆ ನಮ್ಮ ಮಳೆಗಾಲದಲ್ಲಿ ಅದು ಪ್ಯಾನಲ್ಲಿ, ಅಂದ್ರೆ ಡಬ್ಬಿಯೊಳಗಿನ ಸಣ್ಣ ಬಣ್ಣದ ಬಟ್ಟಲಲ್ಲಿ, ಗಟ್ಟಿಯೇ ಆಗುದಿಲ್ಲ, ಡಬ್ಬಿ ಓರೆಯಾದ್ರೆ ಪಕ್ಕದ ಬಣ್ಣಕ್ಕೆ ಹರಿತದೆ. ಈಗ ನಾನು ಮಾಡುದು ಇಷ್ಟು: ಮನೆಗೆ ಬಂದ ಕೂಡ್ಲೇ ಡಬ್ಬಿ ಬಿಡಿಸಿ ರಾತ್ರಿ ಪೂರ್ತಿ ತೆರೆದಿಡುದು, ಬಚ್ಚಲು ಒಲೆಯಿಂದ ನಾಲ್ಕೈದು ಅಡಿ ದೂರದಲ್ಲಿ, ತೀರ ಹತ್ತಿರ ಇಟ್ರೆ ಬಣ್ಣ ಒಡೆದು ಚೂರಾಗ್ತದೆ. ತಿಂಗಳಿಗೊಮ್ಮೆ ಲವಂಗದ ಎಣ್ಣೆ ಒಂದು ಹನಿ ಹತ್ತಿಗೆ ಮುಟ್ಟಿಸಿ ಡಬ್ಬಿಯ ಮೂಲೆಗೆ. ಶೂ ಬಾಕ್ಸಲ್ಲಿ ಬರುವ ಸಿಲಿಕಾ ಜೆಲ್ ಪ್ಯಾಕೆಟ್ ಬಿಸಾಡ್ಬೇಡಿ, ಪೇಪರಿನ ಜೊತೆ ಜಿಪ್ ಕವರಿಗೆ ಹಾಕಿ.

ಪೇಪರ್ ಬಗ್ಗೆ ಯಾರೂ ಹೇಳುದಿಲ್ಲ, ಅದು ಬಣ್ಣಕ್ಕಿಂತ ಮೊದಲು ಹಾಳಾಗುದು. ವಾಟರ್ ಕಲರ್ ಪೇಪರಿಗೆ ಸೈಜಿಂಗ್ ಅಂತ ಒಂದು ಅಂಟಿನ ಲೇಪ ಇರ್ತದೆ, ನೀರು ಒಮ್ಮೆಲೇ ಹೀರದ ಹಾಗೆ ತಡಿಯುದು ಅದೇ. ತೇವದಲ್ಲಿ ತಿಂಗಳುಗಟ್ಟಲೆ ಇಟ್ರೆ ಆ ಲೇಪ ಅಲ್ಲಲ್ಲಿ ಹೋಗ್ತದೆ, ನೋಡ್ಲಿಕ್ಕೆ ಪೇಪರ್ ಸರಿಯೇ ಉಂಟು ಆದ್ರೆ ಆಕಾಶ ಹಾಕಿದ ಕೂಡ್ಲೇ ಮಚ್ಚೆ ಮಚ್ಚೆ. ಆದ್ದರಿಂದ ದೊಡ್ಡ ಪ್ಯಾಡ್ ತಗೊಂಡು ವರ್ಷಗಟ್ಟಲೆ ಇಡ್ಬೇಡಿ. 300 ಜಿಎಸ್ಎಂ, ಅಂದ್ರೆ ದಪ್ಪದ, ಕಾಟನ್ ಪೇಪರ್ ಒಂದು ಶೀಟ್ ತಗೊಂಡು ಪೋಸ್ಟ್ ಕಾರ್ಡ್ ಸೈಜಿಗೆ ಕತ್ತರಿಸಿ, ಬೇಕಾದಷ್ಟೇ.

ಇನ್ನು ಬಣ್ಣ. 12ರದ್ದು ಧಾರಾಳ ಸಾಕು, ನಿಜ ಹೇಳ್ಬೇಕಾದ್ರೆ ನನ್ನಲ್ಲಿ ಈಗ ಇರುದು ಏಳೇ. ಲೆಮನ್ ಯೆಲ್ಲೋ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ಂಟ್ ಸಿಯೆನ್ನಾ (ಕೆಂಪು ಕಂದು), ಇಂಡಿಯನ್ ರೆಡ್, ಪರ್ಮನೆಂಟ್ ರೋಸ್, ಅಲ್ಟ್ರಾಮರೀನ್, ಥ್ಯಾಲೋ ಬ್ಲೂ. ಹೆಸರಿಗೆ ಮರುಳಾಗದೆ ಟ್ಯೂಬಿನ ಮೇಲಿನ ಬಣ್ಣದ ಪುಡಿಯ ಕೋಡ್ ನೋಡಿ, ಅಲ್ಟ್ರಾಮರೀನ್ ಅಂದ್ರೆ ಪಿಬಿ 29, ಯೆಲ್ಲೋ ಓಕರ್ ಪಿವೈ 42 ಅಥವಾ 43, ಒಂದು ಟ್ಯೂಬಲ್ಲಿ ಒಂದೇ ಕೋಡ್ ಇದ್ರೆ ಮಿಕ್ಸ್ ಮಾಡುವಾಗ ಕೊಳೆ ಆಗುದು ಕಮ್ಮಿ. 5 ಎಂಎಲ್ ಟ್ಯೂಬ್ ತಗೊಂಡ್ರೆ ಎರಡು ಹಾಫ್ ಪ್ಯಾನ್ ತುಂಬ್ತದೆ, ಹಲ್ಲು ಕುತ್ತುವ ಕಡ್ಡಿಯಲ್ಲಿ ತಿರುಗಿಸಿ ಗುಳ್ಳೆ ತೆಗ್ದು ಎರಡು ಪದರ ಮಾಡಿ ತುಂಬಿಸಿ. ಆದ್ರೆ ಈ ಕೆಲಸ ಮಾರ್ಚ್ ಎಪ್ರಿಲಲ್ಲೇ ಮುಗಿಸ್ಬೇಕು, ಈಗ ಮಾಡಿದ್ರೆ ವಾರಗಟ್ಟಲೆ ಒಣಗ್ಲಿಕ್ಕಿಲ್ಲ, ಹಾಗಾಗಿ ಈ ವರ್ಷಕ್ಕೆ ನೀವು ರೆಡಿ ಪ್ಯಾನಿದ್ದೇ ತಗೊಳ್ಳಿ.

ಈ ಏಳು ಯಾಕೆ ಸಾಕು ಅಂತ ನೀವು ಬೇಕಲದ ಗೋಡೆ ಎದುರು ಕೂತ್ರೆ ಗೊತ್ತಾಗ್ತದೆ. ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ ಕೋಟೆ, ಪೂರಾ ಮುರಕಲ್ಲು (ಜಂಬಿಟ್ಟಿಗೆ). ಬೇಸಗೆಯಲ್ಲಿ ಆ ಕಲ್ಲು ಕಿತ್ತಳೆ ಬೂದು, ಒಂದು ಮಳೆ ಬಿದ್ರೆ ಒಳಗಿನಿಂದ ಕೆಂಪು ಎದ್ದು ಬರ್ತದೆ. ನಾನು ಮೊದಲು ಕಲ್ಲಿಗೆಲ್ಲ ಬರ್ಂಟ್ ಸಿಯೆನ್ನಾ ತೆಳ್ಳಗೆ ಹಾಕ್ತೇನೆ, ಅದು ಹಸಿ ಇರುವಾಗಲೇ ಕೆಳಭಾಗಕ್ಕೆ ಇಂಡಿಯನ್ ರೆಡ್ ಮುಟ್ಟಿಸ್ತೇನೆ, ತನ್ನಷ್ಟಕ್ಕೆ ಹರಡ್ತದೆ. ಮುರಕಲ್ಲಿನ ತೂತುಗಳಿಗೆ ಅಲ್ಟ್ರಾಮರೀನ್ ಸ್ವಲ್ಪ ದಪ್ಪ, ಅದು ಪೇಪರಿನ ಗುಂಡಿಗಳಲ್ಲಿ ಕಾಳು ಕಾಳಾಗಿ ಕೂರುವ ಬಣ್ಣ, ನೀವು ತೂತು ಬಿಡಿಸುದೇ ಬೇಡ. ಪಾಚಿಗೆ ಲೆಮನ್ ಯೆಲ್ಲೋಗೆ ಥ್ಯಾಲೋ ಬ್ಲೂ ಸೂಜಿಮೊನೆಯಷ್ಟು. ಇಲ್ಲಿ ತೇವದ ಗಾಳಿ ನಮಗೆ ಉಪಕಾರಿ, ಹಸಿಯ ಮೇಲೆ ಹಸಿ ಮಾಡ್ಲಿಕ್ಕೆ ಅಷ್ಟು ಪುರ್ಸೊತ್ತು ಬೇರೆ ಊರಲ್ಲಿ ಸಿಕ್ಕುದಿಲ್ಲ. ಎರಡು ಬಣ್ಣ ಸೇರ್ಬಾರ್ದು ಅಂತ ಇದ್ದಲ್ಲಿ ಮಧ್ಯೆ ಕೂದಲೆಳೆ ಬಿಳಿ ಬಿಡಿ, ಒಣಗುವವರೆಗೆ ಕಾಯುವ ತಲೆಬಿಸಿ ಇಲ್ಲ. ಮತ್ತೆ ಟಿಶ್ಯೂಗಿಂತ ಹಳೆ ಬೈರಾಸಿನ (ಟವೆಲಿನ) ತುಂಡು ಒಳ್ಳೇದು, ತೊಳೆದು ತೊಳೆದು ಮೆತ್ತಗಾದದ್ದು. ನೀರಿಗೆ ಮುಚ್ಚಳ ಇರುವ ಸಣ್ಣ ಭರಣಿ ಎರಡು ಇರ್ಲಿ, ಒಂದು ತೊಳಿಲಿಕ್ಕೆ ಒಂದು ಶುದ್ಧ. ಸಮುದ್ರದ ನೀರು ಮಾತ್ರ ಅದ್ದಬೇಡಿ, ಉಪ್ಪು ಪೇಪರಲ್ಲಿ ಉಳಿದ್ರೆ ಮಳೆಗಾಲ ಬಂದಾಗೆಲ್ಲ ತೇವ ಎಳಿತದೆ.

ಅಕ್ಕಲಕೋಟದಿಂದ:
ನಮ್ಮ ಕಡೆ ಪೂರಾ ಉಲ್ಟಾ ಐತ್ರೀ. ಸೊಲ್ಲಾಪುರ ಜಿಲ್ಲಾ, ಮೇ ತಿಂಗಳದಾಗ 42 ಡಿಗ್ರಿ ಬಿಸಲ, ಬ್ರಶ್ ಎತ್ತೂದ್ರಾಗ ಅಂಚಿಗಿ ಗೆರಿ ಬಿದ್ದು ಒಣಗಿರ್ತೈತಿ. ನಾ ಪೇಪರ್ ಎರಡೂ ಬಾಜೂ ತೋಯಿಸಿ ಪ್ಲಾಸ್ಟಿಕ್ ಹಾಳಿ ಮ್ಯಾಲ ಹಾಸಿ ಕುಂದರ್ತೀನಿ, ನೀರಿನ್ಯಾಗ ಗ್ಲಿಸರಿನ್ ಒಂದೆರಡ ಹನಿ, ಹೆಚ್ಚಿಗಿ ಆದ್ರ ಜಿಗಟ ಆಗ್ತೈತಿ ನೋಡ್ರಿ. ನಳದುರ್ಗ ಕೋಟಿಗಿ ಮಳಿಗಾಲದಾಗ ಬರ್ರಿ, ಬೋರಿ ನದಿ ಒಡ್ಡಿನ್ಯಾಗ ಪಾಣಿ ಮಹಾಲ್ ಐತಿ, ಅದರ ಮ್ಯಾಲಿಂದ ನೀರ ಧುಮುಕತೈತಿ. ಅಲ್ಲಿ ಕಲ್ಲೆಲ್ಲಾ ಕರಿ ಬಸಾಲ್ಟ್, ಆದ್ರ ಕರಿ ಬಣ್ಣ ಹಚ್ಚಬ್ಯಾಡ್ರಿ, ಸತ್ತಂಗ ಕಾಣ್ತೈತಿ. ಮ್ಯಾಲಿನವ್ರು ಹೇಳಿದ ಆ ಬರ್ಂಟ್ ಸಿಯೆನ್ನಾನ, ಅಲ್ಟ್ರಾಮರೀನ್ ಕೂಡ ಕಲಸ್ರಿ, ನಿಮ್ಮ ಕೆಂಪ ಕಲ್ಲಿಗೂ ಅದ, ನಮ್ಮ ಕರಿ ಕಲ್ಲಿಗೂ ಅದ.

ಕುಂಬಳೆಯಿಂದ:
ಟ್ರೈನಿನ ವಿಷಯ ನಾನು ಹೇಳ್ತೇನೆ, ಯಾಕಂದ್ರೆ ನಾನೂ ಅದೇ ದಾರಿಯಲ್ಲಿ ಹೋಗುವವಳು. ಟ್ರೈನಲ್ಲಿ ನೀರಿನ ಭರಣಿ ಆಗುದಿಲ್ಲ, ಯಾರದ್ದಾದ್ರೂ ಸೀರೆಗೆ ಚೆಲ್ತದೆ. ಹಿಡಿಯೊಳಗೆ ನೀರು ತುಂಬುವ ವಾಟರ್ ಬ್ರಶ್ ತಗೊಳ್ಳಿ, ತುದಿ ಮೇಲೆ ಮಾಡಿ ಇಡಿ. ಕಣ್ಣೂರಿಗೆ ಹೋಗುವಾಗ ಸಮುದ್ರ ಬಲಬದಿ. ಕಾಸರಗೋಡು ಸ್ಟೇಶನ್ ಬಿಟ್ಟ ಮೇಲೆ ಚಂದ್ರಗಿರಿ ಹೊಳೆ ಬಂದು ಹೋಗುದು ಕೆಲವೇ ಸೆಕೆಂಡು, ಹಾಗಾಗಿ ಸ್ಟೇಶನಲ್ಲಿ ನಿಂತಿರುವಾಗಲೇ ಹೊಳೆಯ ಬಣ್ಣ ಕಲಸಿ ಇಡ್ತೇನೆ, ಸೇತುವೆ ಮೇಲೆ ಬರೀ ನೋಡುದು, ದಾಟಿದ ಮೇಲೆ ಹಾಕುದು. ಆ ನೀರಿನ ಬಣ್ಣ ದಿನಾ ಬೇರೆ, ಜೂನಲ್ಲಿ ಚಹಾ, ಡಿಸೆಂಬರಲ್ಲಿ ಪಚ್ಚೆ.

ಜನ ಬಂದು ಸುತ್ತ ನಿಲ್ತಾರೆ, ಹೆಂಗಸು ಒಬ್ಬಳೇ ಕೂತು ಚಿತ್ರ ಮಾಡುದು ಅಂದ್ರೆ ಎಲ್ಲರಿಗೂ ಕುತೂಹಲ. ಮೊದಮೊದಲು ಪುಸ್ತಕ ಮುಚ್ತಿದ್ದೆ. ಈಗ ಮಕ್ಕಳಿಗೆ ಬ್ರಶ್ ಕೊಟ್ಟು ಒಂದು ಗೆರೆ ಹಾಕ್ಲಿಕ್ಕೆ ಹೇಳ್ತೇನೆ, ಅಜ್ಜಂದಿರು ಇದ್ರೆ ಆ ಮರ ಎಂತದ್ದು ಅಂತ ಕೇಳ್ತೇನೆ, ಮಲಯಾಳದಲ್ಲಿ ಒಂದು ಹೆಸರು ತುಳುವಿನಲ್ಲಿ ಒಂದು ಹೆಸರು ಸಿಕ್ತದೆ, ಎರಡನ್ನೂ ಪೇಜಿನಲ್ಲಿ ಬರೆದಿಡ್ತೇನೆ. ನೀವು ಬೆನ್ನಿಗೆ ಗೋಡೆ ಇರುವ ಜಾಗ ನೋಡಿ ಕೂತ್ಕೊಳ್ಳಿ, ಹಿಂದಿನಿಂದ ಇಣುಕುವವರು ಇಲ್ಲದಿದ್ರೆ ಕೈ ನಡುಗುದಿಲ್ಲ.

ಡಬ್ಬಿ ಮಾತ್ರ ದಿನಾ ಚೀಲದಲ್ಲಿರ್ಲಿ, ಪಿಕ್ನಿಕ್ಕಿಗೆ ಅಂತ ತೆಗೆದಿಡ್ಬೇಡಿ. ನಮ್ಮ ಅನಂತಪುರ ದೇವಸ್ಥಾನದ ಕೆರೆಯಲ್ಲಿ ಬಬಿಯ ಅಂತ ಮೊಸಳೆ ಇತ್ತಲ್ಲ, ಒಂದು ದಿನ ಸುಮ್ಮನೆ ಹೋದವಳಿಗೆ ಅದು ಮೇಲೆ ಬಂದು ಮೆಟ್ಟಿಲ ಹತ್ತಿರ ಮಲಗಿದ್ದು ಕಾಣ್ಲಿಕ್ಕೆ ಸಿಕ್ಕಿತು, ಡಬ್ಬಿ ಇತ್ತು ಹಾಗಾಗಿ ಅಲ್ಲೇ ಕೂತು ಹಾಕಿದೆ, ಬೆನ್ನಿಗೆ ಓಕರ್ ಮತ್ತು ಅಲ್ಟ್ರಾಮರೀನ್ ಅಷ್ಟೇ. 2022ರ ಅಕ್ಟೋಬರಿನಲ್ಲಿ ಅದು ತೀರಿಹೋಯ್ತು. ಆ ಪೇಜಿನಲ್ಲಿ ನಾನು ತಾರೀಕು ಬರಿಲಿಲ್ಲ, ಈಗ ಯಾವ ವರ್ಷದ್ದು ಅಂತ ಎಷ್ಟು ಯೋಚನೆ ಮಾಡಿದ್ರೂ ನೆನಪಾಗುದಿಲ್ಲ, ಅದೊಂದು ನೋವು ಉಂಟು ನಂಗೆ. ನೀವು ಪ್ರತಿ ಚಿತ್ರದ ಹಿಂದೆ ತಾರೀಕು, ಊರು ಬರೀರಿ. ಪೆನ್ಸಿಲಲ್ಲೇ ಬರೀರಿ, ತೇವದ ಪೇಪರಲ್ಲಿ ಶಾಯಿ ಈಚೆ ಬದಿಗೆ ಇಳಿತದೆ.