ಬ್ರೈಸ್ ಕ್ಯಾನ್ಯನ್ ಶಿಬಿರದಲ್ಲಿ ಎರಡು ದಿನವೂ ಕುಕ್ಕರ್ ಕೂಗಲಿಲ್ಲ, ಕಾರಣ ತಿಳಿಸುವಿರಾ?

ವೇಗಸ್‌ವಾಸಿ
ಎಲ್ಲರಿಗೂ ನಮಸ್ಕಾರ. ಮೇ ತಿಂಗಳ ಮೊದಲ ವಾರಾಂತ್ಯದಲ್ಲಿ ನಾವು ಆರು ಮಂದಿ, ಮೈಸೂರಿನಿಂದ ಬಂದಿರುವ ಅತ್ತೆ ಮಾವನವರೂ ಸೇರಿ, ಯೂಟಾದ ಬ್ರೈಸ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನದ ನಾರ್ತ್ ಕ್ಯಾಂಪ್‌ಗ್ರೌಂಡಿನಲ್ಲಿ ಎರಡು ರಾತ್ರಿ ತಂಗಿದ್ದೆವು. ಸೂರ್ಯೋದಯ ನೋಡಿ ಬಂದವರಿಗೆ ಬಿಸಿಬೇಳೆಬಾತ್ ಸಿದ್ಧವಿರಲಿ ಎಂದು ಬೆಳಗಿನ ಐದೂವರೆಗೇ ಎದ್ದು ಅಕ್ಕಿ, ತೊಗರಿಬೇಳೆ ಹಾಕಿ ಕುಕ್ಕರ್ ಇಟ್ಟೆ. ಮುಕ್ಕಾಲು ಗಂಟೆ ಕಾದರೂ ಒಂದು ಕೂಗೂ ಬರಲಿಲ್ಲ. ಮುಚ್ಚಳ ತೆಗೆದರೆ ಅಕ್ಕಿ ಅರ್ಧ ಬೆಂದಿತ್ತು, ಬೇಳೆ ಹಲ್ಲಿಗೆ ಕಲ್ಲಿನಂತೆ ಸಿಗುತ್ತಿತ್ತು. ಮರುದಿನವೂ ಅದೇ ಕಥೆಯಾಗಿ, ಅತ್ತೆಯವರು ಏನನ್ನೂ ಹೇಳದೆ ಬ್ರೆಡ್ಡಿಗೆ ಚಟ್ನಿಪುಡಿ ಹಚ್ಚಿಕೊಂಡು ತಿಂದದ್ದು ನನಗೆ ಬೈಗುಳಕ್ಕಿಂತ ಹೆಚ್ಚಾಗಿ ತಟ್ಟಿತು. ಕುಕ್ಕರ್ ಒಳ್ಳೆಯದು, ಒಲೆಯೂ ಮಾಮೂಲಿಯದೇ. ಎಲ್ಲಿ ತಪ್ಪಾಯಿತು?

ಬೆಟ್ಟದಹಾದಿ
ಇದರಲ್ಲಿ ಗೊಂದಲವೇನೂ ಇಲ್ಲ, ಎತ್ತರವೇ ಕಾರಣ. ಆ ಶಿಬಿರ ಸಮುದ್ರ ಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದಲ್ಲಿದೆ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಸುಮಾರು 500 ಮೀಟರ್ ಮೇಲೆ. ಅಲ್ಲಿ ನೀರು 92 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ಬೆಂಗಳೂರಿನಲ್ಲಿ ಅದು ಸುಮಾರು 97 ಡಿಗ್ರಿ. ಆ ಐದು ಡಿಗ್ರಿಯ ವ್ಯತ್ಯಾಸ ತೊಗರಿಬೇಳೆಗೆ ಬಹಳ ದೊಡ್ಡದು. ಮುಂದಿನ ಸಲ ಬೇಳೆಯನ್ನು ಹಿಂದಿನ ರಾತ್ರಿಯೇ ನೆನೆಹಾಕಿ, ಹೆಚ್ಚು ಹೊತ್ತು ಬೇಯಿಸಿ.

ಹಳೇಕುಕ್ಕರ್
ಬೆಟ್ಟದಹಾದಿಯವರೇ, ತಾವು ಹೇಳುತ್ತಿರುವುದು ತೆರೆದ ಪಾತ್ರೆಯ ಲೆಕ್ಕ. ಕುಕ್ಕರಿನ ವೆಯ್ಟ್ ಹೊರಗಿನ ಗಾಳಿಯ ಒತ್ತಡದ ಮೇಲೆ ಇನ್ನಷ್ಟು ಒತ್ತಡವನ್ನು ಒಳಗೆ ಹಿಡಿದಿಡುತ್ತದೆ. ಮನೆಯಲ್ಲಿ ಒಳಗಿನ ಶಾಖ 120 ಡಿಗ್ರಿ ಮುಟ್ಟುವುದಾದರೆ ಆ ಎತ್ತರದಲ್ಲಿ ಸುಮಾರು 116 ಡಿಗ್ರಿ ಮುಟ್ಟೀತು, ಬೇಯುವ ಹೊತ್ತು ಸ್ವಲ್ಪ ಹೆಚ್ಚಬಹುದು, ಅಷ್ಟೇ. ಎತ್ತರದಿಂದಾಗಿ ಕೂಗೇ ಬಾರದಿರಲು ಸಾಧ್ಯವಿಲ್ಲ. ಕೂಗು ಬರಲಿಲ್ಲವೆಂದರೆ ಹಬೆ ಬೇರೆಲ್ಲೋ ಸೋರಿದೆ, ಅಂದರೆ ಗ್ಯಾಸ್ಕೆಟ್ ಸಡಿಲವಾಗಿದೆ. ವೇಗಸ್‌ವಾಸಿಯವರೇ, ಗ್ಯಾಸ್ಕೆಟ್ ತಂದು ಎಷ್ಟು ವರ್ಷವಾಯಿತು?

ವೇಗಸ್‌ವಾಸಿ
ಮೂರು ವರ್ಷವಾಗಿರಬಹುದು. ಆದರೆ ಹಬೆ ಸೋರಿದ್ದನ್ನು ನಾನು ಕಾಣಲಿಲ್ಲ.

ಹಳೇಕುಕ್ಕರ್
ಮೂರು ವರ್ಷ! ನಾನು ವರ್ಷಕ್ಕೊಮ್ಮೆ ಬದಲಾಯಿಸುತ್ತೇನೆ. ಸದ್ಯಕ್ಕೆ ಅದನ್ನು ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು ತೆಗೆದು ಹಾಕಿ ನೋಡಿ. ಬಿಗಿಯಾಗುತ್ತದೆ.

ನೀಲಿಜ್ವಾಲೆ
ಹಳೇಕುಕ್ಕರ್ ಅವರೇ, ಆ ಗ್ಯಾಸ್ಕೆಟ್ ಇಡೀ ರಾತ್ರಿ ಬ್ರೈಸ್ ಎಂಬ ಫ್ರೀಜರಿನಲ್ಲೇ ಇತ್ತಲ್ಲ, ಇನ್ನೆಷ್ಟು ಬಿಗಿಯಾಗಬೇಕಿತ್ತು? ವೇಗಸ್‌ವಾಸಿಯವರೇ, ಒಲೆ ಮಾಮೂಲಿಯದು ಎಂದು ಬರೆದಿದ್ದೀರಿ. ಈ ವೇದಿಕೆಯಲ್ಲಿ ಒಬ್ಬೊಬ್ಬರ ಮಾಮೂಲಿ ಒಂದೊಂದು ಬಗೆಯದು. ಅದು ಯಾವ ಅನಿಲದ್ದು, ಉರಿ ಹೇಗಿತ್ತು, ಆ ಹೊತ್ತಿನಲ್ಲಿ ಚಳಿ ಎಷ್ಟಿತ್ತು ಎಂಬ ಮೂರು ವಿಷಯಗಳನ್ನು ದಯವಿಟ್ಟು ತಿಳಿಸಿ.

ಕಲ್ಲುಮಣ್ಣು
ವಿಷಯಕ್ಕೆ ಸಂಬಂಧಿಸಿದ ಒಂದು ಸಣ್ಣ ತಿದ್ದುಪಡಿ. ಹೆಸರಿನಲ್ಲಿ ಕ್ಯಾನ್ಯನ್ ಎಂದಿದ್ದರೂ ಬ್ರೈಸ್ ನಿಜವಾದ ಅರ್ಥದಲ್ಲಿ ಕಣಿವೆಯಲ್ಲ. ನದಿಯೊಂದು ನಡುವೆ ಹರಿದು ಕೊರೆದದ್ದಲ್ಲ ಅದು, ಪಾನ್ಸಗಂಟ್ ಪ್ರಸ್ಥಭೂಮಿಯ ಪೂರ್ವದ ಅಂಚು ಸವೆದು ಉಂಟಾದ ಬಟ್ಟಲುಗಳ ಸಾಲು. ಶಿಬಿರವಿರುವುದು ಆ ಬಟ್ಟಲಿನ ಒಳಗಲ್ಲ, ಮೇಲಿನ ಅಂಚಿನಲ್ಲಿ, ಪೈನ್ ಮರಗಳ ನಡುವೆ.

ಹಳೇಕುಕ್ಕರ್
ಕಣಿವೆಯೋ ಬಟ್ಟಲೋ, ಅದರಿಂದ ಕುಕ್ಕರಿಗೆ ಆಗಬೇಕಾದ್ದೇನು?

ಕಲ್ಲುಮಣ್ಣು
ಆಗಬೇಕಾದ್ದು ಇದೆ. ಅಲ್ಲಿ ನಿಂತಿರುವ ಹೂಡೂ ಎಂಬ ಕೆಂಪು ಕಲ್ಲಿನ ಕಂಬಗಳನ್ನು ಕೆತ್ತಿದ್ದೇ ಚಳಿ. ಹಗಲು ಕರಗಿದ ನೀರು ಬಿರುಕಿಗೆ ಇಳಿಯುತ್ತದೆ, ರಾತ್ರಿ ಹೆಪ್ಪುಗಟ್ಟಿ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ, ಬಂಡೆ ಒಡೆಯುತ್ತದೆ. ವರ್ಷದ ಹೆಚ್ಚುಕಡಿಮೆ ಅರ್ಧದಷ್ಟು ದಿನ ಅಲ್ಲಿ ಉಷ್ಣಾಂಶ ಸೊನ್ನೆಯನ್ನು ದಾಟಿ ಕೆಳಗಿಳಿದು ಮತ್ತೆ ಮೇಲೇರುತ್ತದೆ. ಮೇ ಮೊದಲ ವಾರದ ಬೆಳಗಿನ ಐದೂವರೆಗೆ ಸೊನ್ನೆಗಿಂತ ಕೆಳಗೇ ಇದ್ದಿರಬೇಕು ಎಂದು ಸೂಚಿಸುವುದಷ್ಟೇ ನನ್ನ ಉದ್ದೇಶವಾಗಿತ್ತು.

ವ್ಯಾನ್‌ಮನೆ
ಈ ಎಲ್ಲ ತಾಪತ್ರಯಗಳಿಂದ ಬೇಸತ್ತು ನಾನು ಎರಡು ವರ್ಷಗಳ ಹಿಂದೆಯೇ ಅನಿಲದ ಸಹವಾಸ ಬಿಟ್ಟೆ. ನನ್ನ ವ್ಯಾನಿನಲ್ಲಿ 100 ಆಂಪಿಯರ್ ಅವರ್‌ನ ಎರಡು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳು, 2,000 ವಾಟ್ ಇನ್ವರ್ಟರ್, ಛಾವಣಿಯ ಮೇಲೆ ಸೌರ ಫಲಕಗಳು ಮತ್ತು ಒಂದು ಇಂಡಕ್ಷನ್ ಒಲೆ ಇವೆ. ಹೊರಗೆ ಹಿಮ ಸುರಿಯುತ್ತಿದ್ದಾಗಲೂ ಒಳಗೆ ಕೂತು ದೋಸೆ ಹುಯ್ದಿದ್ದೇನೆ. ಆಸಕ್ತಿಯಿದ್ದವರಿಗೆ ವೈರಿಂಗ್ ನಕ್ಷೆ ಕಳುಹಿಸಬಲ್ಲೆ.

ನೀಲಿಜ್ವಾಲೆ
ತಮ್ಮ ದೋಸೆಗೆ ಅಭಿನಂದನೆಗಳು. ಆದರೆ ಆ ಬ್ಯಾಟರಿಗಳನ್ನು ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಚಾರ್ಜ್ ಮಾಡಿದರೆ ಕೆಡುತ್ತವೆ ಎಂಬುದನ್ನೂ ಓದುಗರಿಗೆ ಹೇಳಿಬಿಡಿ. ಟೆಂಟಿನಲ್ಲಿ ಮಲಗಿ ಬಂದವರಿಗೆ ವ್ಯಾನ್ ಕೊಳ್ಳಿ ಎನ್ನುವುದು ಪರಿಹಾರವಾಗುವುದಿಲ್ಲ.

ವೇಗಸ್‌ವಾಸಿ
ಕ್ಷಮಿಸಿ, ಕೆಲಸದ ನಡುವೆ ಉತ್ತರಿಸಲಾಗಲಿಲ್ಲ. ಒಲೆ ಏಷ್ಯನ್ ದಿನಸಿ ಅಂಗಡಿಯಲ್ಲಿ ಸಿಗುವ, ಸೂಟ್‌ಕೇಸಿನಂಥ ಪೆಟ್ಟಿಗೆಯಲ್ಲಿ ಬರುವ ಒಂದೇ ಬರ್ನರಿನದು. ಪಕ್ಕದಲ್ಲಿ ಉದ್ದನೆಯ ಡಬ್ಬಿಯನ್ನು ಮಲಗಿಸಿ ಸನ್ನೆ ಒತ್ತಿದರೆ ಕೂತುಕೊಳ್ಳುತ್ತದೆ. ಡಬ್ಬಿಯ ಮೇಲೆ ಬ್ಯೂಟೇನ್, 227 ಗ್ರಾಂ ಎಂದು ಬರೆದಿದೆ. ಹಚ್ಚಿದಾಗ ಉರಿ ಸರಿಯಾಗಿಯೇ ಇತ್ತು. ಐದಾರು ನಿಮಿಷಗಳ ನಂತರ ದೇವರ ಮುಂದಿನ ದೀಪದಷ್ಟಕ್ಕೆ ಇಳಿಯಿತು. ಡಬ್ಬಿ ಖಾಲಿಯಾಯಿತೆಂದು ಹೊಸದನ್ನು ಹಾಕಿದೆ, ಅದೂ ಹಾಗೆಯೇ ಆಯಿತು. ಚಳಿ ಅಳೆಯುವ ಸಾಧನ ನನ್ನಲ್ಲಿರಲಿಲ್ಲ. ಆದರೆ ಹೊರಗಿಟ್ಟ ನೀರಿನ ಕ್ಯಾನಿನ ಬಾಯಲ್ಲಿ ಕನ್ನಡಕದ ಗಾಜಿನಷ್ಟು ತೆಳ್ಳನೆಯ ಮಂಜುಗಡ್ಡೆ ಕಟ್ಟಿತ್ತು, ಅದನ್ನು ಸೌಟಿನ ಹಿಡಿಯಿಂದ ಒಡೆದೇ ನೀರು ಬಗ್ಗಿಸಿದ್ದು. ಇನ್ನೊಂದು ಮಾತು, ಹಿಂದಿನ ಸಂಜೆ ಅದೇ ಒಲೆಯಲ್ಲಿ ಚಹಾ ಚೆನ್ನಾಗಿಯೇ ಆಗಿತ್ತು. ಇವು ಮುಖ್ಯವೆಂದು ನನಗೆ ತೋಚಲಿಲ್ಲ.

ನೀಲಿಜ್ವಾಲೆ
ಮುಖ್ಯವಾದವು ಇವೇ. ಆ ಮೊದಲ ಡಬ್ಬಿಯನ್ನು ಎಸೆಯದಿದ್ದರೆ ಈಗ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ, ಒಳಗೆ ದ್ರವ ತುಳುಕುವುದು ಕೇಳಿಸಬೇಕು. ಬ್ಯೂಟೇನ್ ಡಬ್ಬಿಯೊಳಗೆ ದ್ರವವಾಗಿರುತ್ತದೆ, ಆವಿಯಾದರೆ ಮಾತ್ರ ಒಲೆಗೆ ಬರುತ್ತದೆ. ಸಮುದ್ರ ಮಟ್ಟದಲ್ಲಿ ಅದರ ಕುದಿಬಿಂದು ಮೈನಸ್ 0.5 ಡಿಗ್ರಿ. ಅದಕ್ಕೆ ಹತ್ತಿರವಾದ ಚಳಿಯಲ್ಲಿ ಡಬ್ಬಿಯೊಳಗೆ ಒತ್ತಡವೇ ಉಳಿಯುವುದಿಲ್ಲ. ಪ್ರೊಪೇನ್ ಮೈನಸ್ 42 ಡಿಗ್ರಿಯವರೆಗೂ ಆವಿಯಾಗುತ್ತದೆ. ಬೆನ್ನುಚೀಲದ ಚಾರಣಿಗರು ಒಯ್ಯುವ ಗಿಡ್ಡ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಐಸೊಬ್ಯೂಟೇನ್ ಮತ್ತು ಪ್ರೊಪೇನ್ ಮಿಶ್ರಣವಿರುತ್ತದೆ, ಐಸೊಬ್ಯೂಟೇನಿನ ಕುದಿಬಿಂದು ಸುಮಾರು ಮೈನಸ್ 12.

ಹಚ್ಚಿದಾಗ ಸರಿಯಾಗಿದ್ದು ಆಮೇಲೆ ಇಳಿದದ್ದೇಕೆ ಎಂದರೆ, ದ್ರವ ಆವಿಯಾಗುವಾಗ ಡಬ್ಬಿಯ ಶಾಖವನ್ನೇ ಹೀರಿಕೊಳ್ಳುತ್ತದೆ. ಮಣ್ಣಿನ ಹೂಜಿಯ ಮೈ ಬೆವತು ಒಳಗಿನ ನೀರು ತಣ್ಣಗಾಗುತ್ತದಲ್ಲ, ಅದೇ ಕ್ರಮ. ಮದುವೆಮನೆಯ ಅಡುಗೆ ಭಟ್ಟರು ದೊಡ್ಡ ಒಲೆ ಉರಿಸುವಾಗ ಸಿಲಿಂಡರಿನ ಬುಡಕ್ಕೆ ಹಿಮ ಕಟ್ಟಿದಂತಾಗಿ, ಅದರ ಮೇಲೆ ನೀರು ಸುರಿಯುವುದನ್ನು ನೀವು ನೋಡಿರಬಹುದು. ನಿಮ್ಮ ಡಬ್ಬಿ ರಾತ್ರಿಯಿಡೀ ಹೊರಗಿದ್ದು ಮೊದಲೇ ತಣ್ಣಗಾಗಿತ್ತು, ಐದು ನಿಮಿಷದ ಉರಿ ಅದನ್ನು ಇನ್ನಷ್ಟು ಕೆಳಗೆ ಇಳಿಸಿತು. ಸಂಜೆ ಬಿಸಿಲು ಕುಡಿದ ಡಬ್ಬಿಗೆ ಆ ತೊಂದರೆ ಇರಲಿಲ್ಲ, ಒಂದು ಪಾತ್ರೆ ಚಹಾಕ್ಕೆ ಬೇಕಾದ ಹೊತ್ತೂ ಕಡಿಮೆ.

ಬೆಟ್ಟದಹಾದಿ
ಒಟ್ಟಿನಲ್ಲಿ ಎತ್ತರವೇ ಕಾರಣವೆಂದಾಯಿತು. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ಆದ್ದರಿಂದ ಅನಿಲ ಹೊರಬರುವುದಿಲ್ಲ.

ನೀಲಿಜ್ವಾಲೆ
ಇಲ್ಲ, ಅದು ತಿರುಗಾಮುರುಗಾ ಆಯಿತು. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಮುಕ್ಕಾಲು ಪಾಲು. ಹೊರಗಿನ ಒತ್ತಡ ಕಡಿಮೆಯಿದ್ದಷ್ಟೂ ಡಬ್ಬಿಯಿಂದ ಅನಿಲ ಹೊರಬರುವುದು ಸುಲಭ. ಬ್ಯೂಟೇನಿನ ಕುದಿಬಿಂದುವೂ ಅಲ್ಲಿ ಕೆಲವು ಡಿಗ್ರಿ ಕೆಳಗಿಳಿಯುತ್ತದೆ. ನಿಮಗೆ ಆ ಐದು ನಿಮಿಷದ ಒಳ್ಳೆಯ ಉರಿ ದೊರೆತದ್ದೇ ಎತ್ತರದ ದಯೆಯಿಂದ. ಎತ್ತರ ಮಾಡಿದ ಅಪಚಾರವೆಂದರೆ ಚಳಿ ತಂದದ್ದು.

ಬೆಟ್ಟದಹಾದಿ
ಅದೇ ವಾರ ಜೈಯನ್ ಉದ್ಯಾನದ ವಾಚ್‌ಮನ್ ಶಿಬಿರದಲ್ಲಿ ಅಂಥದೇ ಬ್ಯೂಟೇನ್ ಒಲೆಯಲ್ಲಿ ನಾನು ಬೆಳಗಿನ ಉಪ್ಪಿಟ್ಟು ಮಾಡಿದ್ದೇನೆ. ಏನೂ ತೊಂದರೆಯಾಗಲಿಲ್ಲ.

ಕಲ್ಲುಮಣ್ಣು
ವಾಚ್‌ಮನ್ ಇರುವುದು ಸುಮಾರು 1,200 ಮೀಟರಿನಲ್ಲಿ, ಅದೂ ನಿಜವಾದ ಕಣಿವೆಯ ತಳದಲ್ಲಿ. ಎರಡೂ ಉದ್ಯಾನಗಳು ಯೂಟಾದ ಒಂದೇ ಮೂಲೆಯಲ್ಲಿದ್ದರೂ ಎತ್ತರದಲ್ಲಿ 1,200 ಮೀಟರ್ ವ್ಯತ್ಯಾಸವಿದೆ. ಎತ್ತರ ಹೆಚ್ಚಿದಂತೆ ಸಾವಿರ ಮೀಟರಿಗೆ ಸುಮಾರು ಆರರಿಂದ ಹತ್ತು ಡಿಗ್ರಿ ಚಳಿ ಹೆಚ್ಚುತ್ತದೆ. ತಮ್ಮ ಉಪ್ಪಿಟ್ಟಿನ ಸಾಕ್ಷ್ಯ ಇಲ್ಲಿ ನಿಲ್ಲುವುದಿಲ್ಲ.

ವ್ಯಾನ್‌ಮನೆ
ಚಳಿಯೇ ಕಾರಣವಾದರೆ ಒಲೆಯನ್ನು ಟೆಂಟಿನೊಳಗೆ ಇಟ್ಟುಕೊಂಡರಾಯಿತಲ್ಲ. ಡಬ್ಬಿಯೂ ಬೆಚ್ಚಗಿರುತ್ತದೆ, ಅತ್ತೆ ಮಾವನವರೂ ಬೆಚ್ಚಗಿರುತ್ತಾರೆ.

ನೀಲಿಜ್ವಾಲೆ
ದಯವಿಟ್ಟು ಇಂಥ ಸಲಹೆ ಕೊಡಬೇಡಿ. ಟೆಂಟಿನೊಳಗೆ ಉರಿಯುವ ಒಲೆ ಬೆಂಕಿಯ ಅಪಾಯವನ್ನಷ್ಟೇ ತರುವುದಿಲ್ಲ, ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಮಲಗಿದಲ್ಲೇ ಉಳಿಯುತ್ತಾರೆ. ಕಾರಿನೊಳಗೂ ಬೇಡ. ಡಬ್ಬಿಯನ್ನು ಬೆಂಕಿಗೆ ಹಿಡಿಯುವುದೂ, ಕುದಿನೀರಿನಲ್ಲಿ ಇಡುವುದೂ, ಗಾಳಿ ತಡೆಯಲೆಂದು ಒಲೆ ಡಬ್ಬಿ ಎರಡನ್ನೂ ಸೇರಿಸಿ ತಗಡಿನಿಂದ ಸುತ್ತುವುದೂ ಕೂಡದು. ಡಬ್ಬಿಯ ಮೇಲೆಯೇ ಸಾಮಾನ್ಯವಾಗಿ 50 ಡಿಗ್ರಿ ಮೀರಬಾರದೆಂಬ ಎಚ್ಚರಿಕೆ ಇರುತ್ತದೆ. ಒಲೆಯ ಅಗಲವನ್ನು ಮೀರಿ ಡಬ್ಬಿಯ ಮೇಲಕ್ಕೂ ಚಾಚುವ ದೊಡ್ಡ ಕುಕ್ಕರ್ ಇಡುವುದೂ ಅಪಾಯವೇ, ಏಕೆಂದರೆ ಅದರ ತಳದ ಶಾಖ ನೇರವಾಗಿ ಡಬ್ಬಿಗೆ ಬಡಿಯುತ್ತದೆ. ಆರು ಜನರ ಅಡುಗೆಗೆ ನಿಮ್ಮ ಕುಕ್ಕರ್ ಎಷ್ಟು ಲೀಟರಿನದು?

ವೇಗಸ್‌ವಾಸಿ
ಏಳೂವರೆ ಲೀಟರಿನದು. ನಿಜ, ಅರ್ಧ ಡಬ್ಬಿಯನ್ನು ಮುಚ್ಚುತ್ತಿತ್ತು. ಕಪಾಟಿನಲ್ಲಿದ್ದ ಹಳೆಯ ಡಬ್ಬಿಯನ್ನು ಈಗ ಅಲ್ಲಾಡಿಸಿ ನೋಡಿದೆ, ಅರ್ಧಕ್ಕಿಂತ ಹೆಚ್ಚು ತುಳುಕುತ್ತಿದೆ. ಖಾಲಿಯೆಂದು ತಿಳಿದಿದ್ದೆ.

ನೀಲಿಜ್ವಾಲೆ
ಏಳೂವರೆ ಲೀಟರಿನ ಕುಕ್ಕರಿಗೆ ಆ ಒಲೆ ತಕ್ಕದ್ದಲ್ಲ. 465 ಗ್ರಾಮಿನ ಹಸಿರು ಪ್ರೊಪೇನ್ ಸಿಲಿಂಡರಿಗೆ ಜೋಡಿಸುವ ಎರಡು ಬರ್ನರಿನ ಒಲೆ ತೆಗೆದುಕೊಳ್ಳಿ. ಬ್ಯೂಟೇನ್ ಒಲೆಯನ್ನೇ ಬಳಸಬೇಕಾದರೆ ಬರಿಯ ಚಹಾಕ್ಕೆ ಬಳಸಿ, ರಾತ್ರಿ ಡಬ್ಬಿಯನ್ನು ಒಲೆಯಿಂದ ಬಿಡಿಸಿ, ಮುಚ್ಚಳ ಹಾಕಿ ಮಲಗುವ ಚೀಲದ ಕಾಲ ಬಳಿ ಇಟ್ಟುಕೊಳ್ಳಿ. ಎತ್ತರಕ್ಕಾಗಿ ಕುಕ್ಕರಿನ ಹೊತ್ತನ್ನು ಮಾಮೂಲಿಗಿಂತ ಮೂರನೇ ಒಂದು ಪಾಲಿನಷ್ಟು ಹೆಚ್ಚಿಸಿದರೆ ಸಾಕು. ಬೇಳೆ ನೆನೆಹಾಕುವ ಬಗ್ಗೆ ಬೆಟ್ಟದಹಾದಿಯವರು ಹೇಳಿದ್ದು ಸರಿಯಾಗಿಯೇ ಇದೆ.

ಬೆಟ್ಟದಹಾದಿ
ಧನ್ಯವಾದಗಳು. ಇನ್ನೊಂದು ಮಾತು. ರಾಷ್ಟ್ರೀಯ ಉದ್ಯಾನಗಳ ಶಿಬಿರಗಳಲ್ಲಿ ಸಾಮಾನ್ಯವಾಗಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಸದ್ದು ಮಾಡುವಂತಿಲ್ಲ. ಐದೂವರೆಗೆ ಕುಕ್ಕರ್ ಕೂಗಿದ್ದರೆ ಅಕ್ಕಪಕ್ಕದ ಟೆಂಟಿನವರು ರೇಂಜರನ್ನು ಕರೆಸುತ್ತಿದ್ದರು. ಕೂಗದಿದ್ದದ್ದೇ ಒಳ್ಳೆಯದಾಯಿತು ಎನ್ನಬೇಕು.

ಹಳೇಕುಕ್ಕರ್
ಎಲ್ಲರೂ ಗ್ಯಾಸ್ಕೆಟ್ ವಿಷಯವನ್ನು ಮರೆತಂತಿದೆ. ಮೂರು ವರ್ಷ ಹಳೆಯದು ಎಂದು ಅವರೇ ಒಪ್ಪಿಕೊಂಡಿದ್ದಾರೆ.

ವೇಗಸ್‌ವಾಸಿ (ಮೂರು ವಾರಗಳ ನಂತರ)
ಮೇ ಕೊನೆಯ ವಾರ ಗ್ರ್ಯಾಂಡ್ ಕ್ಯಾನ್ಯನ್ ದಕ್ಷಿಣ ಅಂಚಿನ ಮ್ಯಾದರ್ ಶಿಬಿರಕ್ಕೆ ಹೋಗಿ ಬಂದೆವು. ಅದು ಸುಮಾರು 2,100 ಮೀಟರ್ ಎತ್ತರದಲ್ಲಿದೆ. ಈ ಸಲ ಉಷ್ಣಮಾಪಕ ಒಯ್ದಿದ್ದೆ, ಬೆಳಗಿನ ಆರೂಕಾಲಿಗೆ 2 ಡಿಗ್ರಿ ತೋರಿಸಿತು. ಒಂದು ಬ್ಯೂಟೇನ್ ಡಬ್ಬಿಯನ್ನು ರಾತ್ರಿ ಮೇಜಿನ ಮೇಲೆ ಬಿಟ್ಟಿದ್ದೆ, ಇನ್ನೊಂದನ್ನು ಮಲಗುವ ಚೀಲದಲ್ಲಿ ಇಟ್ಟುಕೊಂಡಿದ್ದೆ. ಎರಡರಲ್ಲೂ ಒಂದೊಂದು ಪಾತ್ರೆ ನೀರು ಕಾಯಿಸಿ ನೋಡಿದೆ. ಮೇಜಿನ ಮೇಲಿದ್ದದ್ದರ ಉರಿ ನಾಲ್ಕು ನಿಮಿಷಕ್ಕೆ ಕುಗ್ಗಿತು, ಮುಟ್ಟಿದರೆ ಡಬ್ಬಿಯ ಹೊಟ್ಟೆಯ ಮೇಲೆ ಬೆರಳು ಅಂಟುವಷ್ಟು ತಣ್ಣನೆಯ ಇಬ್ಬನಿ. ಚೀಲದಲ್ಲಿದ್ದದ್ದು ನೀರು ಕುದಿಯುವವರೆಗೂ ಉರಿಯಿತು, ಆಮೇಲೆ ಅದೂ ಇಳಿಯಿತು. ಹೊಸದಾಗಿ ಕೊಂಡ ಪ್ರೊಪೇನ್ ಒಲೆಯ ಮೇಲೆ ಕುಕ್ಕರ್ ಇಟ್ಟರೆ ಹದಿನೆಂಟು ನಿಮಿಷಕ್ಕೆ ಮೊದಲ ಕೂಗು ಬಂತು. ನಾಲ್ಕು ಕೂಗಾದ ಮೇಲೆ ಇಳಿಸಿದೆ. ಬೇಳೆ ಬೆಣ್ಣೆಯಂತೆ ಬೆಂದಿತ್ತು, ಅತ್ತೆಯವರು ಎರಡನೆಯ ಸಲ ಬಡಿಸಿಕೊಂಡರು. ಎಲ್ಲರಿಗೂ ಕೃತಜ್ಞತೆಗಳು. ಹಳೇಕುಕ್ಕರ್ ಅವರ ಮಾತಿಗೆ ಗೌರವ ಕೊಟ್ಟು ಹೊಸ ಗ್ಯಾಸ್ಕೆಟ್ ಕೂಡ ಹಾಕಿಸಿದ್ದೆ.

ಹಳೇಕುಕ್ಕರ್
ನೋಡಿದಿರಾ! ಗ್ಯಾಸ್ಕೆಟ್ ಬದಲಾಯಿಸಿದ ಕೂಡಲೇ ಕೂಗಿತು. ಮೊದಲ ದಿನವೇ ಹೇಳಿದ್ದೆ.

ನೀಲಿಜ್ವಾಲೆ
ವೇಗಸ್‌ವಾಸಿಯವರೇ, ಎರಡನ್ನೂ ಒಟ್ಟಿಗೇ ಬದಲಾಯಿಸಬೇಡಿ ಎಂದು ನಾನು ಹೇಳದೇ ಹೋದೆ, ನನ್ನದೇ ತಪ್ಪು. ಆ ಹಳೆಯ ಗ್ಯಾಸ್ಕೆಟ್ ಇನ್ನೂ ಇದೆಯೇ?

ವೇಗಸ್‌ವಾಸಿ
ಇದೆ. ಈಗಷ್ಟೇ ಅದನ್ನೇ ಹಾಕಿ ಮನೆಯ ಒಲೆಯ ಮೇಲಿಟ್ಟೆ. ಹನ್ನೊಂದು ನಿಮಿಷಕ್ಕೆ ಕೂಗಿತು.

ಹಳೇಕುಕ್ಕರ್
ಮನೆಯ ಒಲೆಯ ಉರಿ ದೊಡ್ಡದು, ಅದರ ಮುಂದೆ ಸ್ವಲ್ಪ ಸೋರಿದರೂ ಗೊತ್ತಾಗುವುದಿಲ್ಲ. ಅದನ್ನೇ ಹಾಕಿಕೊಂಡು ಇನ್ನೊಮ್ಮೆ ಬ್ರೈಸ್‌ಗೆ ಹೋಗಿ ಬಂದು ಬರೆಯಿರಿ.